ಲ್ಯಾಪ್‌ಟಾಪ್‌ಗೆ ಜೀನ್ಸ್ ಗವಸು ಹೊಲಿಸಿದ್ದು: ನನ್ನ ಅನುಭವ

2022ರ ಜುಲೈ 18, ಸೋಮವಾರ. ನಮ್ಮ ಕಡೆಯ ಅಕ್ಕಿ ಗಿರಣಿಗಳಲ್ಲಿ ಲೆಕ್ಕ ಬರೆಯುವವರು ಯಾರೂ ಆ ದಿನವನ್ನು ಮರೆತಿರಲಾರರು. 25 ಕಿಲೋವರೆಗಿನ ಚೀಲಗಳಲ್ಲಿ ತುಂಬಿ, ಚೀಟಿ ಹಚ್ಚಿ ಮಾರುವ ಅಕ್ಕಿಗೆ ಶೇಕಡಾ 5ರಷ್ಟು ಜಿಎಸ್‌ಟಿ ಜಾರಿಗೆ ಬಂದದ್ದು ಅಂದು. ಯಾವ ಚೀಲಕ್ಕೆ ತೆರಿಗೆ, ಯಾವುದಕ್ಕೆ ಇಲ್ಲ, ಬಿಲ್ಲನ್ನು ಹೇಗೆ ಬರೆಯಬೇಕು ಎಂದು ಭಾನುವಾರ ರಾತ್ರಿಯಿಂದಲೇ ಫೋನ್ ಮೇಲೆ ಫೋನ್. ಇದರ ಜೊತೆಗೆ ಜೂನ್ ತಿಂಗಳ ರಿಟರ್ನ್ ಸಲ್ಲಿಸಲು 20ನೇ ತಾರೀಖು ಕೊನೆಯ ದಿನ. ಬೆಳಿಗ್ಗೆ ಗಂಗಾವತಿಯಿಂದ ಕಾರಟಗಿಯ ಬಸ್ ಹತ್ತಿದೆ. ನಿಲ್ಲಲೂ ಜಾಗವಿರಲಿಲ್ಲ. ಲ್ಯಾಪ್‌ಟಾಪ್ ಚೀಲ ಬೆನ್ನ ಮೇಲಿತ್ತು, ಬೆನ್ನು ಕಬ್ಬಿಣದ ಕಂಬಿಗೆ ಒರಗಿತ್ತು.

ಗಿರಣಿಯ ಕಚೇರಿಯಲ್ಲಿ ಲ್ಯಾಪ್‌ಟಾಪ್ ತೆರೆದಾಗ ಪರದೆಯ ನಡುವೆ ಕಪ್ಪು ಶಾಯಿ ಚೆಲ್ಲಿದ ಹಾಗಿತ್ತು. ಅದರ ಸುತ್ತ ನಕ್ಷತ್ರದಂತೆ ಬಿರುಕು. "ಎಲ್ಲಾದರೂ ಬಿದ್ದಿತ್ತೇನು ತಂಗಿ?" ಎಂದು ಸಾಹುಕಾರರು ಕೇಳಿದರು. ಬಿದ್ದಿರಲಿಲ್ಲ. ಮನೆಯಿಂದ ಗಿರಣಿಯವರೆಗೆ ಆ ಚೀಲವನ್ನು ನಾನು ನೆಲಕ್ಕೆ ಕೂಡ ಇಟ್ಟಿರಲಿಲ್ಲ. ಶನಿವಾರ ಸಂಜೆ ಪೆನ್‌ಡ್ರೈವ್‌ಗೆ ಎಲ್ಲವನ್ನೂ ನಕಲು ಮಾಡಿಕೊಂಡಿದ್ದರಿಂದ ಗಿರಣಿಯ ಹಳೆಯ ಕಂಪ್ಯೂಟರಿನಲ್ಲಿ ಕುಳಿತು ಕೆಲಸ ಮುಗಿಸಿದೆ. ಇಲ್ಲದಿದ್ದರೆ ನಾಲ್ಕು ಗಿರಣಿಗಳ ರಿಟರ್ನ್ ತಪ್ಪುತ್ತಿತ್ತು, ದಂಡವನ್ನು ನಾನೇ ತಲೆಯ ಮೇಲೆ ಹೊತ್ತುಕೊಳ್ಳಬೇಕಾಗುತ್ತಿತ್ತು.

ಆ ವಾರದ ಕೊನೆಗೆ ಬಳ್ಳಾರಿಯಲ್ಲಿ ರಿಪೇರಿಗೆ ಕೊಟ್ಟೆ. ರಿಪೇರಿಯ ಹುಡುಗ ಒಡೆದ ಪರದೆಯನ್ನು ಬಿಚ್ಚಿ ತಿರುಗಿಸಿ ತೋರಿಸಿದ. "ಇದು ಬಿದ್ದ ಏಟಲ್ಲ ಮೇಡಂ, ಒತ್ತಿದ ಏಟು. ಬಿದ್ದಿದ್ದರೆ ಮೂಲೆಯಿಂದ ಬಿರುಕು ಹೊರಡುತ್ತಿತ್ತು. ಇದು ನಡುವಿನಿಂದ ಹೊರಟಿದೆ. ಚಾರ್ಜರ್ ಎಲ್ಲಿಟ್ಟಿದ್ದಿರಿ?" ಚೀಲದ ಮುಂದಿನ ಜೇಬಿನಲ್ಲಿ ಇಟ್ಟಿದ್ದೆ. ಲ್ಯಾಪ್‌ಟಾಪಿನ ಮುಚ್ಚಳಕ್ಕೂ ಆ ಜೇಬಿಗೂ ನಡುವೆ ಇದ್ದದ್ದು ಒಂದು ಪದರ ಬಟ್ಟೆ ಮತ್ತು ಬೆರಳಲ್ಲಿ ಹಿಡಿದರೆ ಇಲ್ಲವಾಗುವ ತೆಳ್ಳನೆಯ ಸ್ಪಂಜು. ಕಂಬಿಯ ಒತ್ತಡ ಚಾರ್ಜರಿನ ಇಟ್ಟಿಗೆಯಂಥ ಮೂಲೆಯ ಮೂಲಕ ಪ್ಲಾಸ್ಟಿಕ್ ಮುಚ್ಚಳಕ್ಕೆ, ಅಲ್ಲಿಂದ ಗಾಜಿಗೆ ಇಳಿದಿತ್ತು. ಹೊಸ ಪರದೆಗೆ 7,200 ರೂಪಾಯಿ ಕೊಟ್ಟೆ. ಹುಡುಗ ಕೇಳಿದ ಆ ಒಂದು ಪ್ರಶ್ನೆಯ ಬೆಲೆ ಅದಕ್ಕಿಂತ ಹೆಚ್ಚೆಂದು ನನಗೆ ಈಗಲೂ ಅನ್ನಿಸುತ್ತದೆ. ಲ್ಯಾಪ್‌ಟಾಪ್ ಕೊಂಡಾಗ ಪುಕ್ಕಟೆಯಾಗಿ ಬಂದ ಚೀಲವನ್ನು ಮೂರು ವರ್ಷ ಹೊತ್ತು ತಿರುಗಿದವಳು ನಾನು. ಚೀಲವೆಂದರೆ ಹೊತ್ತೊಯ್ಯುವ ಸಾಧನ ಎಂದಷ್ಟೇ ತಿಳಿದಿದ್ದೆ.

ಹೊಸ ಚೀಲ ಕೊಳ್ಳುವ ಮೊದಲು ಒಂದು ಕೆಲಸ ಮಾಡಿದೆ. ಲೆಕ್ಕ ಬರೆಯುವುದು ನನ್ನ ವೃತ್ತಿಯಾದ್ದರಿಂದ ಇದನ್ನೂ ಲೆಕ್ಕದಂತೆಯೇ ಬರೆದೆ. ಸೋಮವಾರದಿಂದ ಶನಿವಾರದವರೆಗೆ ಆರು ದಿನ ಚೀಲಕ್ಕೆ ಏನೇನಾಗುತ್ತದೆ ಎಂದು ಸಣ್ಣ ನೋಟ್‌ಬುಕ್ಕಿನಲ್ಲಿ ಗೆರೆ ಹಾಕುತ್ತಾ ಹೋದೆ. ಕಾರಟಗಿ, ಸಿಂಧನೂರು, ಸಿರುಗುಪ್ಪ, ವಾರಕ್ಕೊಮ್ಮೆ ಕಂಪ್ಲಿ ಮೇಲೆ ಬಳ್ಳಾರಿ. ಬಸ್, ಟಂಟಂ, ಉಳಿದ ದೂರಕ್ಕೆ ಸ್ಕೂಟರ್. ವಾರದ ಕೊನೆಗೆ ಕೂಡಿಸಿ ನೋಡಿದಾಗ ಚೀಲವನ್ನು ನೆಲಕ್ಕೋ ಮೇಜಿಗೋ ಇಟ್ಟದ್ದು 58 ಸಲ. ಜನರ ನಡುವೆ ಅಥವಾ ಕಂಬಿಗೆ, ಸೀಟಿನ ಬೆನ್ನಿಗೆ ಒತ್ತಿಕೊಂಡದ್ದು 21 ಸಲ. ಬಾಗಿಲು, ಮೆಟ್ಟಿಲು, ಮೇಜಿನ ಅಂಚಿಗೆ ತಗುಲಿದ್ದು 9 ಸಲ. ಬಿದ್ದದ್ದು ಒಂದೂ ಇಲ್ಲ. ಒಂದು ಸಲ ಮಾತ್ರ ಟಂಟಂನ ಸೀಟಿನಿಂದ ಜಾರಿ ಕಾಲಿಗೆ ತಗುಲಿ ನಿಂತಿತು.

ಈ ಪುಟ ನನ್ನ ಕಣ್ಣು ತೆರೆಸಿತು. ಅಲ್ಲಿಯವರೆಗೆ ಲ್ಯಾಪ್‌ಟಾಪ್ ಕಾಪಾಡುವುದೆಂದರೆ ಬೀಳದಂತೆ ನೋಡಿಕೊಳ್ಳುವುದು ಎಂದುಕೊಂಡಿದ್ದೆ. ನಿಜವಾಗಿ ನನ್ನ ಲ್ಯಾಪ್‌ಟಾಪನ್ನು ಸವೆಸುತ್ತಿದ್ದದ್ದು ದಿನಕ್ಕೆ ಹತ್ತು ಸಲ ಚೀಲವನ್ನು ಕೆಳಗಿಡುವಾಗ ತಳಕ್ಕೆ ಬೀಳುವ ಸಣ್ಣ ಪೆಟ್ಟು ಮತ್ತು ಬಸ್ಸಿನಲ್ಲಿ ಮುಚ್ಚಳದ ಮೇಲೆ ಬೀಳುವ ಒತ್ತಡ. ಹುಬ್ಬಳ್ಳಿಯ ಕಚೇರಿಗೆ ಕಾರಿನಲ್ಲಿ ಹೋಗಿ ಬರುವವರ ಪುಟ ಬೇರೆಯಾಗುತ್ತದೆ, ಸಂಡೂರಿನ ಗಣಿ ರಸ್ತೆಯಲ್ಲಿ ಜೀಪಿನಲ್ಲಿ ಓಡಾಡುವವರದ್ದು ಇನ್ನೂ ಬೇರೆ. ಯಾರೇ ಚೀಲ ಕೊಳ್ಳುವುದಾದರೂ ಮೊದಲು ತಮ್ಮದೇ ಪುಟ ಬರೆದುಕೊಳ್ಳಲಿ ಎಂದು ಕೈಮುಗಿದು ಹೇಳುತ್ತೇನೆ. ಅಂಗಡಿಯವರಿಗೆ ನಿಮ್ಮ ದಾರಿ ಗೊತ್ತಿಲ್ಲ.

ಗಂಗಾವತಿಯಲ್ಲಿ ಮೂರು, ಬಳ್ಳಾರಿಯಲ್ಲಿ ಐದು ಅಂಗಡಿ ತಿರುಗಿದೆ. ಚೀಲದ ಚೀಟಿಯ ಮೇಲೆ ಬರೆದದ್ದನ್ನು ಓದುವುದನ್ನು ಕಲಿತದ್ದು ಆಗಲೇ. "15.6 ಇಂಚು" ಎಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗಿರುವ ಉದ್ದ, ಲ್ಯಾಪ್‌ಟಾಪಿನ ಅಗಲವೂ ಅಲ್ಲ, ದಪ್ಪವೂ ಅಲ್ಲ. ಅದೇ 15.6 ಇಂಚಿನ ಹಳೆಯ ಲ್ಯಾಪ್‌ಟಾಪ್ ಒಂದು ಇಂಚಿನಷ್ಟು ದಪ್ಪ ಇರುತ್ತದೆ, ಹೊಸದು ಎರಡು ಸೆಂಟಿಮೀಟರಿಗೂ ಕಡಿಮೆ. ನನ್ನದನ್ನು ಹೊಲಿಗೆಯ ಟೇಪಿನಿಂದ ಅಳೆದಾಗ 36 ಸೆಂಟಿಮೀಟರ್ ಅಗಲ, 24 ಎತ್ತರ, 2 ದಪ್ಪ ಬಂತು. ಆ ಮೂರು ಅಂಕಿಯನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಹೋದೆ. ಇನ್ನು "600 ಡಿ", "1680 ಡಿ" ಎಂದು ಬರೆದಿರುತ್ತದಲ್ಲ, ಆ ಡಿ ಎಂದರೆ ಡೆನಿಯರ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಸಂಖ್ಯೆ ಹೆಚ್ಚಿದ್ದರೆ ನೂಲು ದಪ್ಪ, ಬಟ್ಟೆ ಸವೆಯುವುದು ನಿಧಾನ. ಒಳಗಿರುವ ವಸ್ತುವಿಗೆ ಪೆಟ್ಟು ತಾಗದಂತೆ ತಡೆಯುವ ಗುಣಕ್ಕೂ ಈ ಸಂಖ್ಯೆಗೂ ಸಂಬಂಧವಿಲ್ಲ. ಗೋಣಿಚೀಲ ಎಷ್ಟು ಗಟ್ಟಿಯಿದ್ದರೂ ಒಳಗಿನ ಮೊಟ್ಟೆ ಉಳಿಯುವುದಿಲ್ಲವಲ್ಲ, ಹಾಗೆ.

ಪ್ರತಿ ಅಂಗಡಿಯಲ್ಲೂ ನಾನು ಮಾಡಿದ ಒಂದು ಪರೀಕ್ಷೆಯನ್ನು ಇಲ್ಲಿ ವಿವರವಾಗಿ ಬರೆಯಬೇಕು, ಏಕೆಂದರೆ ಇದಕ್ಕೆ ಒಂದು ನಿಮಿಷವೂ ಬೇಡ. ಚೀಲದ ಲ್ಯಾಪ್‌ಟಾಪ್ ಅರೆಯೊಳಗೆ ಒಂದು ಕೈಯನ್ನು ತಳ ಮುಟ್ಟುವವರೆಗೆ ಇಳಿಸಿ. ಇನ್ನೊಂದು ಕೈಯನ್ನು ಹೊರಗಿನಿಂದ ಚೀಲದ ತಳಕ್ಕೆ ಹಿಡಿಯಿರಿ. ಎರಡೂ ಕೈಯ ಬೆರಳುಗಳು ನಡುವೆ ಬರೀ ಬಟ್ಟೆಯಿರುವಂತೆ ಒಂದನ್ನೊಂದು ಮುಟ್ಟಿದರೆ ಆ ಚೀಲವನ್ನು ಕೆಳಗಿಟ್ಟು ಮುಂದಕ್ಕೆ ಹೋಗಿ. ಒಳ್ಳೆಯ ಚೀಲದಲ್ಲಿ ಲ್ಯಾಪ್‌ಟಾಪ್ ಅರೆ ತಳಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಮೇಲೆಯೇ ಮುಗಿಯುತ್ತದೆ, ತೊಟ್ಟಿಲಿನಂತೆ ತೂಗುತ್ತಿರುತ್ತದೆ. ಚೀಲವನ್ನು ಕೆಳಗೆ ಕುಕ್ಕಿದರೂ ಲ್ಯಾಪ್‌ಟಾಪ್ ನೆಲಕ್ಕೆ ತಾಗುವುದಿಲ್ಲ. ನಾನು ನೋಡಿದ ಹದಿನೇಳು ಚೀಲಗಳಲ್ಲಿ ಹೀಗಿದ್ದವು ಮೂರೇ ಮೂರು. ಮುಂಭಾಗದಲ್ಲಿ ದಪ್ಪನೆಯ ಮೆತ್ತೆ, ಬೆನ್ನಿಗೆ ಜಾಲರಿ, ಕುತ್ತಿಗೆಗೆ ಹಿಡಿಕೆ ಎಲ್ಲವೂ ಇದ್ದ ದುಬಾರಿ ಚೀಲಗಳಲ್ಲೂ ತಳಕ್ಕೆ ಒಂದೇ ಪದರ. ದಿನಕ್ಕೆ ಹತ್ತು ಸಲ ನೆಲ ಮುಟ್ಟುವ ಜಾಗವದು! ಯಾರ ಕಣ್ಣಿಗೂ ಬೀಳದ ಜಾಗವೆಂದು ಹಾಗೆ ಬಿಡುತ್ತಾರೆಯೇ? ನನಗೆ ನಿಜವಾಗಿಯೂ ಕೋಪ ಬಂತು.

ಎರಡನೆಯ ಪರೀಕ್ಷೆ ಮೆತ್ತೆಗೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಅದುಮಿದಾಗ ಪೂರ್ತಿ ಚಪ್ಪಟೆಯಾಗಿ ಬೆರಳಿಗೆ ಬೆರಳು ಸಿಕ್ಕರೆ ಅದು ದಿಂಬಿನ ಸ್ಪಂಜು. ಕೈಗೆ ಸುಖವಾಗಿರುತ್ತದೆ, ಪೆಟ್ಟನ್ನು ತಡೆಯುವುದಿಲ್ಲ. ಅದುಮಿದಾಗ ಸ್ವಲ್ಪ ಎದುರು ನಿಂತು, ಬಿಟ್ಟ ಕೂಡಲೇ ಮೊದಲಿನಂತಾದರೆ ಅದು ಮುಚ್ಚಿದ ಗುಳ್ಳೆಗಳ ಫೋಮ್. ಹವಾಯಿ ಚಪ್ಪಲಿಯ ಅಟ್ಟೆಯಂಥದ್ದು. ಇವಿಎ, ನಿಯೋಪ್ರೀನ್ ಎಂಬ ಹೆಸರಿನವೆಲ್ಲ ಈ ಜಾತಿಯವು.

ಮೆತ್ತೆ ಏಕೆ ಬೇಕು ಎಂಬುದನ್ನು ನನಗೆ ಅರ್ಥ ಮಾಡಿಸಿದವರು ನಮ್ಮ ಭಾವ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತಾರೆ. ಊಟಕ್ಕೆ ಕುಳಿತಾಗ ಮೇಜಿನ ಎತ್ತರ ಕೇಳಿದರು. ಮುಕ್ಕಾಲು ಮೀಟರ್ ಎಂದೆ. "ಅಲ್ಲಿಂದ ಬಿದ್ದ ವಸ್ತು ಗಟ್ಟಿ ನೆಲದ ಮೇಲೆ ಒಂದು ಮಿಲಿಮೀಟರ್ ಅಂತರದೊಳಗೆ ನಿಂತುಬಿಟ್ಟರೆ ಅದರ ಮೇಲೆ ಬೀಳುವ ಬಲ ಸರಾಸರಿ ಅದರ ತೂಕದ 750 ಪಟ್ಟು. ಅದೇ ಒಂದು ಸೆಂಟಿಮೀಟರ್ ದೂರ ಮೆತ್ತಗೆ ಇಳಿದು ನಿಂತರೆ 75 ಪಟ್ಟು. ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ ಸರಿಸುಮಾರು ಉತ್ತರ ಬರುತ್ತದೆ" ಎಂದರು. ಎರಡು ಕಿಲೋ ಲ್ಯಾಪ್‌ಟಾಪಿಗೆ ಈ ಲೆಕ್ಕ ಹಾಕಿ ನೋಡಿ: ಒಂದೂವರೆ ಟನ್ ಎಲ್ಲಿ, ಒಂದೂವರೆ ಕ್ವಿಂಟಲ್ ಎಲ್ಲಿ! ಮೆತ್ತೆ ಕೊಡುವುದು ಆ ಒಂದು ಸೆಂಟಿಮೀಟರ್ ದೂರವನ್ನು. ಒತ್ತಿದ ಕೂಡಲೇ ಚಪ್ಪಟೆಯಾಗುವ ಸ್ಪಂಜು ಆ ದೂರವನ್ನು ಮೊದಲೇ ತಿಂದುಬಿಟ್ಟಿರುತ್ತದೆ.

ಲ್ಯಾಪ್‌ಟಾಪ್ ಪೆಟ್ಟಿಗೆಯ ಮೇಲೆ ಮಿಲ್-ಎಸ್‌ಟಿಡಿ-810 ಎಂಬ ಅಮೆರಿಕದ ಸೇನೆಯ ಪರೀಕ್ಷೆಯ ಹೆಸರನ್ನು ನೋಡಿ, ಇದಕ್ಕೆ ಗವಸೇ ಬೇಡ ಎನ್ನುವವರೂ ಇದ್ದಾರೆ. ಆ ಪರೀಕ್ಷಾ ಗ್ರಂಥದಲ್ಲಿ 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸುವ ಕ್ರಮವೇನೋ ಇದೆ. ಆದರೆ ಅದರಲ್ಲಿರುವ ಹಲವಾರು ಪರೀಕ್ಷೆಗಳಲ್ಲಿ ಯಾವುದನ್ನು ಮಾಡಬೇಕು, ಎಷ್ಟರ ಮಟ್ಟಿಗೆ ಮಾಡಬೇಕು ಎಂದು ಆರಿಸಿಕೊಳ್ಳುವವರು ತಯಾರಕರೇ. ಚಾರ್ಜರಿನ ಮೂಲೆಯೊಂದು ಬಸ್ಸಿನ ಕಂಬಿಗೂ ಮುಚ್ಚಳಕ್ಕೂ ನಡುವೆ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಆ ಹೆಸರು ಭರವಸೆಯಲ್ಲ.

ಗಟ್ಟಿ ಪೆಟ್ಟಿಗೆಯ ವಿಚಾರವನ್ನೂ ಮಾಡಿದೆ. ತೋರಣಗಲ್ಲಿನ ಹೋಟೆಲಿನ ಮುಂದೆ ಗಣಿ ಸರ್ವೆಯವರ ಜೀಪಿನಲ್ಲಿ ಪೆಲಿಕನ್ ಕಂಪನಿಯ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ನೋಡಿದ್ದೆ. ಕೆಂಪು ಧೂಳು ಅಂಗುಲ ದಪ್ಪ ಕೂತಿದ್ದರೂ ತೆರೆದಾಗ ಒಳಗೆ ಒಂದು ಕಣವಿರಲಿಲ್ಲ. ಜೀಪಿರುವವರಿಗೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ. ಹೆಗಲ ಮೇಲೆ ಹೊತ್ತು ಬಸ್ ಹತ್ತುವವಳಿಗೆ ಲ್ಯಾಪ್‌ಟಾಪಿಗಿಂತ ಹೆಚ್ಚು ತೂಗುವ ಪೆಟ್ಟಿಗೆ ಆಗುವುದಿಲ್ಲ. ಲ್ಯಾಪ್‌ಟಾಪಿಗೇ ಕಚ್ಚಿಸುವ ತೆಳು ಪ್ಲಾಸ್ಟಿಕ್ ಚಿಪ್ಪುಗಳು ಗೀರು ಬೀಳದಂತೆ ನೋಡಿಕೊಳ್ಳುತ್ತವೆ, ಅಷ್ಟೇ.

ಕೊನೆಗೆ ತಳ ಎತ್ತರದಲ್ಲಿದ್ದ ಮೂರು ಚೀಲಗಳಲ್ಲಿ ಒಂದನ್ನು 1,450 ರೂಪಾಯಿಗೆ ಕೊಂಡೆ. ಬೆನ್ನಿಗೆ ಹಾಕುವಂಥದ್ದು, ಬೂದು ಬಣ್ಣ, ನೋಡಲು ಸಾಧಾರಣ. ತಳದ ಚಿಂತೆ ಮುಗಿಯಿತು. ಒತ್ತಡದ ಚಿಂತೆ ಉಳಿಯಿತು. ಅದಕ್ಕೆ ಒಳಗೊಂದು ಗವಸು ಬೇಕಿತ್ತು. ಅಂಗಡಿಯವರು ಸ್ಲೀವ್ ಎನ್ನುವುದನ್ನು ನಾನು ಗವಸು ಎನ್ನುತ್ತೇನೆ, ದಿಂಬಿಗೆ ಹಾಕುತ್ತೇವಲ್ಲ ಹಾಗೆ. ಸಿಕ್ಕ ಗವಸುಗಳೆಲ್ಲ ತೆಳುವಾದವು, ಮುಚ್ಚಳದ ಕಡೆಗೆ ಗಟ್ಟಿ ಹಲಗೆಯಂಥದ್ದೇನೂ ಇಲ್ಲದವು. ಆಗ ಹೊಳೆಯಿತು: ದೇಶದ ನಾನಾ ಕಡೆಗೆ ಜೀನ್ಸ್ ಹೊಲಿದು ಕಳಿಸುವ ಬಳ್ಳಾರಿಯಲ್ಲಿ ನಿಂತುಕೊಂಡು ನಾನು ಒಂದು ದಪ್ಪ ಬಟ್ಟೆಯ ಗವಸಿಗಾಗಿ ಅಂಗಡಿ ಅಂಗಡಿ ಅಲೆಯುತ್ತಿದ್ದೇನೆ.

ಕೌಲ್ ಬಜಾರಿನ ಕಡೆ ಒಂದು ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಯಂತ್ರ ಹಾಕಿಕೊಂಡು ಜೀನ್ಸ್ ಹೊಲಿಯುವ ಮಾಸ್ತರರೊಬ್ಬರನ್ನು ಪರಿಚಯದವರು ತೋರಿಸಿದರು. ವಯಸ್ಸು ಅರವತ್ತರ ಮೇಲೆ. ಲ್ಯಾಪ್‌ಟಾಪನ್ನು ಕೈಗೆ ಕೊಟ್ಟಾಗ ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಪ್ಯಾಂಟಿಗೆ ಮೈ ಅಳತೆ ತೆಗೆದುಕೊಳ್ಳುತ್ತೇವೆ ಅಕ್ಕಾ, ಇದಕ್ಕೂ ಮೈಯಿದೆ" ಎಂದು ಟೇಪು ತೆಗೆದರು.

ಬಟ್ಟೆಯ ವಿಷಯದಲ್ಲಿ ಅವರು ಹೇಳಿದ್ದನ್ನು ನಾನು ಯಾವ ಚೀಟಿಯ ಮೇಲೂ ಓದಿರಲಿಲ್ಲ. ಡೆನಿಮ್ಮನ್ನು ಔನ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಗಜ ಬಟ್ಟೆ ಎಷ್ಟು ಔನ್ಸ್ ತೂಗುತ್ತದೆ ಎಂದು. ನನಗೆ 14 ಔನ್ಸಿನ ಕಟ್‌ಪೀಸ್ ಕೊಟ್ಟರು. ಆದರೆ ಹೊಸ ಥಾನಿನಿಂದ ಕತ್ತರಿಸಲಿಲ್ಲ. "ವಾಷಿಂಗ್ ಆಗಿ ಬಂದ ತುಂಡನ್ನೇ ಹಾಕುತ್ತೇನೆ. ಹಸಿ ಡೆನಿಮ್ ಮೊದಲ ನೀರಿಗೆ ಕುಗ್ಗುತ್ತದೆ, ನೀಲಿಯನ್ನೂ ಬಿಡುತ್ತದೆ. ನಿಮ್ಮ ಬಿಳಿ ಲ್ಯಾಪ್‌ಟಾಪು ನೀಲಿಯಾದರೆ ನನ್ನ ಹೆಸರು ಹೇಳುತ್ತೀರಿ." ಒಳಗೆ ಮೆತ್ತನೆಯ ಫ್ಲ್ಯಾನೆಲ್ ಅಸ್ತರು. ಜಿಪ್ಪಿಗೆ ಜೀನ್ಸಿನ ಹಿತ್ತಾಳೆಯದು ಬೇಡವೆಂದು ಅವರೇ ಹೇಳಿ ಎಂಟು ನಂಬರಿನ ನೈಲಾನ್ ಜಿಪ್ ತಂದರು. ಜಿಪ್ಪಿನ ನಂಬರು ಎಂದರೆ ಮುಚ್ಚಿದಾಗ ಅದರ ಹಲ್ಲುಸಾಲಿನ ಅಗಲ, ಸುಮಾರಾಗಿ ಮಿಲಿಮೀಟರ್ ಲೆಕ್ಕದಲ್ಲಿ. ಜಿಪ್ಪಿನ ಒಳಬದಿಗೆ ಎರಡು ಬೆರಳು ಅಗಲದ ಅಸ್ತರಿನ ಪಟ್ಟಿ ಬಿಟ್ಟರು, ರನ್ನರ್ ಎಳೆಯುವಾಗ ಲ್ಯಾಪ್‌ಟಾಪಿನ ಅಂಚಿಗೆ ಉಜ್ಜಬಾರದೆಂದು.

ಮೆತ್ತೆಗಾಗಿ ನಾನು ಆರು ಮಿಲಿಮೀಟರ್ ದಪ್ಪದ ಇವಿಎ ಯೋಗದ ಚಾಪೆಯೊಂದನ್ನು ಕೊಂಡು ಒಯ್ದಿದ್ದೆ. ಮುಚ್ಚಳದ ಕಡೆಗೆ ಹಾಕಲು ಮಕ್ಕಳ ಪರೀಕ್ಷೆಯ ಪ್ಯಾಡನ್ನು, ಮೇಲಿನ ಕಬ್ಬಿಣದ ಕ್ಲಿಪ್ ಕಿತ್ತು, ಮೂಲೆಗಳನ್ನು ದುಂಡಗೆ ಉಜ್ಜಿ ತಂದಿದ್ದೆ. ಹಲಗೆ ಎಲ್ಲಿರಬೇಕು ಎಂಬುದು ಮುಖ್ಯ. ಹೊರಗೆ ಡೆನಿಮ್, ಅದರ ಒಳಗೆ ಹಲಗೆ, ಆಮೇಲೆ ಫೋಮ್, ಕೊನೆಗೆ ಅಸ್ತರು. ಒಂದೇ ಬಿಂದುವಿನಲ್ಲಿ ಬಿದ್ದ ಒತ್ತಡವನ್ನು ಹಲಗೆ ಅಗಲಕ್ಕೆ ಹರಡುತ್ತದೆ, ಹರಡಿದ್ದನ್ನು ಫೋಮ್ ನುಂಗುತ್ತದೆ. ಅದಲು ಬದಲು ಮಾಡಿ ಹಲಗೆಯನ್ನು ಮುಚ್ಚಳಕ್ಕೆ ತಾಗಿಸಿಟ್ಟರೆ ಹಲಗೆಯೇ ಒತ್ತಲು ಶುರು ಮಾಡುತ್ತದೆ.

ಮೊದಲ ಗವಸು ಕೆಟ್ಟಿತು. ತಪ್ಪು ನನ್ನದೇ. 36 ಸೆಂಟಿಮೀಟರ್ ಅಗಲ ಎಂದು ಹೇಳಿ ದಪ್ಪವನ್ನು ಕೂಡಿಸಲು ಮರೆತಿದ್ದೆ. ಚಪ್ಪಟೆಯಾಗಿ ಹೊಲಿದ ಗವಸಿನೊಳಗೆ ಎರಡು ಸೆಂಟಿಮೀಟರ್ ದಪ್ಪದ ವಸ್ತು ಹೋಗಬೇಕಾದರೆ ಒಳಗಿನ ಅಗಲ ಕನಿಷ್ಠ 38 ಇರಬೇಕು, ಫೋಮ್ ಮಡಚಿಕೊಳ್ಳಲು ಇನ್ನೊಂದು ಸೆಂಟಿಮೀಟರ್. ಅದಕ್ಕಿಂತ ದೊಡ್ಡ ದೋಷ ಇನ್ನೊಂದಿತ್ತು, ಅದು ಪರೀಕ್ಷೆ ಮಾಡಿದಾಗ ಗೊತ್ತಾಯಿತು.

ಪರೀಕ್ಷೆಗೆ ಲ್ಯಾಪ್‌ಟಾಪನ್ನೇ ಇಡುವ ಧೈರ್ಯ ಯಾರಿಗಿದೆ? ಹಳೆಯ ಫೋಟೊ ಕಟ್ಟಿನ ಗಾಜನ್ನು ಕಾಗದದಲ್ಲಿ ಸುತ್ತಿ, ಎರಡು ಹಳೆಯ ಖಾತೆ ಪುಸ್ತಕಗಳ ಮೇಲಿಟ್ಟು, ಎಲ್ಲವನ್ನೂ ಸೇರಿಸಿ ಎರಡು ಕಿಲೋ ಆಗುವಂತೆ ಕಟ್ಟಿದೆ. ಇದನ್ನು ಮೊದಲು ಅಂಗಡಿಯಿಂದ ತಂದ ತೆಳು ಗವಸಿನಲ್ಲಿ ಹಾಕಿ, ಗಾಜಿನ ಮೇಲೆ ಚಾರ್ಜರ್ ಇಟ್ಟು, ಮೊಣಕಾಲಿನಿಂದ ಒತ್ತಿದೆ. ಕರಕ್ಕೆಂದಿತು. ಅದೇ ಸದ್ದು ಜುಲೈ 18ರಂದು ನನ್ನ ಬೆನ್ನ ಹಿಂದೆ ಆಗಿರಬೇಕು, ಬಸ್ಸಿನ ಗದ್ದಲದಲ್ಲಿ ನನಗೆ ಕೇಳಿಸಿರಲಿಲ್ಲ. ನಂತರ ಮಾಸ್ತರರ ಗವಸಿಗೆ ಇನ್ನೊಂದು ಗಾಜು ಹಾಕಿ ಅಷ್ಟೇ ಜೋರಾಗಿ ಒತ್ತಿದೆ. ಏನೂ ಆಗಲಿಲ್ಲ. ಪೂರ್ತಿ ಭಾರ ಹಾಕಿ ಒತ್ತಿದೆ. ಏನೂ ಆಗಲಿಲ್ಲ. ಸಂತೋಷದಿಂದ ಅದನ್ನು ಮೇಜಿನ ಎತ್ತರದಿಂದ ಮೂಲೆ ಕೆಳಗಾಗಿ ನೆಲಕ್ಕೆ ಬಿಟ್ಟೆ. ಬಿಚ್ಚಿ ನೋಡಿದರೆ ಗಾಜಿನ ಮೂಲೆ ಮುರಿದಿತ್ತು.

ಕಾರಣ ಹುಡುಕಲು ಮಾಸ್ತರರು ಹೊಲಿಗೆಯನ್ನೇ ಬಿಚ್ಚಿದರು. ಎರಡು ಮುಖಗಳಿಗೂ ಫೋಮ್ ಇತ್ತು, ಆದರೆ ಎರಡೂ ಮುಖ ಸೇರುವ ಹೊಲಿಗೆಯ ಸಾಲಿನಲ್ಲಿ ಫೋಮ್ ಇರಲಿಲ್ಲ. ದಪ್ಪ ಫೋಮಿನ ಮೇಲೆ ಸೂಜಿ ಓಡದೆಂದು ಅಂಚಿನಲ್ಲಿ ಅರ್ಧ ಇಂಚು ಬಿಟ್ಟು ಕತ್ತರಿಸಿದ್ದರು. ಲ್ಯಾಪ್‌ಟಾಪ್ ನೆಲಕ್ಕೆ ತಾಗುವುದು ಅಂಚಿನಿಂದ, ಮೂಲೆಯಿಂದ. ಅಲ್ಲಿಯೇ ಬರೀ ಬಟ್ಟೆ. ಆಮೇಲೆ ಅಂಗಡಿಗಳ ಗವಸುಗಳನ್ನು ನೋಡಿದಾಗ ಬಹುತೇಕ ಎಲ್ಲದರಲ್ಲೂ ಇದೇ ಕೊರತೆ ಕಾಣಿಸಿತು. ಮುಖವನ್ನು ಅದುಮಿ ನೋಡುತ್ತೇವೆಯೇ ಹೊರತು ಅಂಚನ್ನು ಯಾರೂ ಅದುಮುವುದಿಲ್ಲ. ನೀವು ಅಂಚನ್ನೇ ಅದುಮಿ ನೋಡಿ.

ಎರಡನೆಯ ಗವಸನ್ನು ಅವರು ಬೇರೆ ರೀತಿಯಲ್ಲಿ ಕಟ್ಟಿದರು. ಎರಡು ಮುಖಗಳನ್ನು ನೇರವಾಗಿ ಕೂಡಿಸದೆ ನಡುವೆ ನಾಲ್ಕು ಸೆಂಟಿಮೀಟರ್ ಅಗಲದ ಪಟ್ಟಿ ಕೊಟ್ಟರು, ಪೆಟ್ಟಿಗೆಯ ಗೋಡೆಯಂತೆ. ಆ ಪಟ್ಟಿಯೊಳಗೂ ಫೋಮ್. ಪಕ್ಕಗಳಿಗೆ ಒಂದು ಪದರ, ತಳಕ್ಕೆ ಮತ್ತು ಕೆಳಗಿನ ಎರಡು ಮೂಲೆಗಳಿಗೆ ಎರಡು ಪದರ. ಜೀನ್ಸಿನ ಜೇಬಿನ ಬಾಯಿಗೆ ಹಾಕುವ ಬಾರ್‌ಟ್ಯಾಕ್ ಹೊಲಿಗೆಯನ್ನು ಜಿಪ್ಪಿನ ಎರಡೂ ತುದಿಗೆ ಹಾಕಿದರು. ಯಾವ ಚೀಲವೂ ಮೊದಲು ಹರಿಯುವುದು ಅಲ್ಲಿಂದಲೇ ಎಂದು ಅವರ ಅನುಭವ. ಯಂತ್ರಕ್ಕೆ 18ನೇ ನಂಬರಿನ ಸೂಜಿ ಹಾಕಿಯೂ ಎರಡು ಮುರಿದವು. ಐದು ಸಲ ಮೂಲೆಯಿಂದ ಬೀಳಿಸಿದೆ, ಗಾಜು ಉಳಿಯಿತು. ಆರನೆಯ ಸಲ ಮಾಸ್ತರರು ತಾವೇ ಎತ್ತಿ ಬಿಟ್ಟರು. ಆಗಲೂ ಉಳಿಯಿತು.

ಖರ್ಚು ಬರೆದಿಟ್ಟಿದ್ದೇನೆ: ಡೆನಿಮ್ 80, ಅಸ್ತರು 50, ಜಿಪ್ ಮತ್ತು ರನ್ನರ್ 60, ಯೋಗದ ಚಾಪೆ 350, ಹೊಲಿಗೆ 200. ಒಟ್ಟು 740 ರೂಪಾಯಿ. ಪ್ಯಾಡ್ ಮನೆಯಲ್ಲಿದ್ದದ್ದು. ಮೊದಲ ಗವಸಿನ ಹೊಲಿಗೆಗೆ ಅವರು ದುಡ್ಡು ಮುಟ್ಟಲಿಲ್ಲ. ತೂಕ ಹೆಚ್ಚಾಗಿದೆ ಎಂಬುದು ನಿಜ; ಲ್ಯಾಪ್‌ಟಾಪ್, ಗವಸು, ಚಾರ್ಜರ್, ಒಂದು ಖಾತೆ ಪುಸ್ತಕ, ನೀರಿನ ಬಾಟಲಿ ಸೇರಿ ಚೀಲ ಐದು ಕಿಲೋದ ಹತ್ತಿರ ಬರುತ್ತದೆ. ಅದಕ್ಕೇ ಒಂದು ಹೆಗಲಿಗೆ ನೇತುಹಾಕುವ ಚೀಲವನ್ನು ನಾನು ಯಾರಿಗೂ ಹೇಳುವುದಿಲ್ಲ.

ಚಾರ್ಜರ್ ಈಗ ಚೀಲದ ತಳದಲ್ಲಿ, ಲ್ಯಾಪ್‌ಟಾಪ್ ಅರೆಯಿಂದ ಆಚೆ, ಸಣ್ಣ ಬಟ್ಟೆಯ ಸಂಚಿಯೊಳಗೆ ಇರುತ್ತದೆ. ಲ್ಯಾಪ್‌ಟಾಪಿನ ಮುಚ್ಚಳ ನನ್ನ ಬೆನ್ನಿನ ಕಡೆಗೆ. ಬಸ್ ಹತ್ತಿದ ಕೂಡಲೇ ಚೀಲವನ್ನು ಬೆನ್ನಿನಿಂದ ತೆಗೆದು ಎದೆಗೆ ಹಾಕಿಕೊಳ್ಳುತ್ತೇನೆ, ಸೀಟು ಸಿಕ್ಕರೆ ತೊಡೆಯ ಮೇಲೆ ನಿಲ್ಲಿಸಿಕೊಳ್ಳುತ್ತೇನೆ. ಮೇಲಿನ ಸಾಮಾನಿನ ಹಲಗೆಗೆ ಇಡುವುದಿಲ್ಲ, ಬ್ರೇಕ್ ಹಾಕಿದಾಗ ಅಲ್ಲಿಂದ ಜಾರಿದ ಚೀಲಗಳನ್ನು ನೋಡಿದ್ದೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ನನ್ನ ಬಸ್ ಖರ್ಚು ಉಳಿದಿದೆ, ನನ್ನಂಥ ಎಷ್ಟೋ ಹೆಣ್ಣುಮಕ್ಕಳು ಓಡಾಡುವಂತಾಗಿದೆ. ನಿಂತು ಹೋಗುವ ದಿನಗಳೂ ಹೆಚ್ಚಿವೆ. ಗವಸಿನ ಹಲಗೆ ತನ್ನ ಕೆಲಸ ಮಾಡುತ್ತಿರುವುದು ಆ ದಿನಗಳಲ್ಲೇ. ತುಂಗಭದ್ರಾ ಜಲಾಶಯದಿಂದ ನೀರು ಹೆಚ್ಚು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದಾಗಲಂತೂ ಬಳ್ಳಾರಿಗೆ ಹೊಸಪೇಟೆ ಸುತ್ತಿ ಹೋಗಬೇಕು. ಆ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಧೂಳಿನ ಮಾತಿಗೆ ಬಂದರೆ, ಗಿರಣಿಯಲ್ಲಿ ತೌಡಿನ ಪುಡಿ ಗಾಳಿಯಲ್ಲೇ ತೇಲುತ್ತಿರುತ್ತದೆ. ಅದು ಸಣ್ಣದಾಗಿ, ಸ್ವಲ್ಪ ಜಿಡ್ಡಾಗಿ ಇರುತ್ತದೆ, ಕೂತಲ್ಲಿ ಅಂಟುತ್ತದೆ. ಡೆನಿಮ್ ಅದನ್ನು ಹಿಡಿದುಕೊಳ್ಳುತ್ತದೆ, ಇದು ಈ ಬಟ್ಟೆಯ ದೋಷ. ತಿಂಗಳಿಗೊಮ್ಮೆ ಗವಸನ್ನು ಮಗುಚಿ ಕೊಡವಿ, ಹಲಗೆ ತೆಗೆದು ಒಗೆಯುತ್ತೇನೆ. ಹಲಗೆ ತೆಗೆಯಲು ಬರುವಂತೆ ಒಂದು ಬದಿಗೆ ಸೀಳು ಬಿಡಿಸಿಕೊಂಡಿರುವುದು ಇದಕ್ಕಾಗಿಯೇ. ಧೂಳಿಗೆ ಜಿಪ್ ಬಿಗಿಯಾದರೆ ಹಲ್ಲುಸಾಲಿಗೆ ಮೇಣದಬತ್ತಿ ಉಜ್ಜಿದರೆ ಸಾಕು. ಎಣ್ಣೆ ಹಚ್ಚಬೇಡಿ, ಧೂಳು ಇನ್ನೂ ಅಂಟುತ್ತದೆ.

ಮಳೆ ನಮ್ಮಲ್ಲಿ ಕಡಿಮೆ, ಬಂದರೆ ಸೂಚನೆ ಕೊಡದೆ ಬರುತ್ತದೆ. ಡೆನಿಮ್ ಹತ್ತಿಬಟ್ಟೆ, ನೀರು ಕುಡಿಯುತ್ತದೆ. ಹೊರಚೀಲಕ್ಕೆ ನೀರು ಜಾರುವ ಲೇಪವಿದ್ದರೂ ಜಿಪ್ಪಿನ ಸಾಲಿನಿಂದ ನೀರು ಇಳಿಯುವುದನ್ನು ಕಂಡಿದ್ದೇನೆ. ಮಡಚಿಟ್ಟ ಮಳೆ ಹೊದಿಕೆಯೊಂದು ಚೀಲದಲ್ಲಿ ವರ್ಷವಿಡೀ ಇರುತ್ತದೆ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಗಟ್ಟಿಯೆಂದು ಬಳಸುವವರಿದ್ದಾರೆ, ಅದು ಬೇಡ. ತೊಳೆದರೂ ಉಳಿಯುವ ಉಪ್ಪು ಲೋಹವನ್ನು ತಿನ್ನುತ್ತದೆ.

ನನಗೆ ಮಳೆಗಿಂತ ಹೆಚ್ಚು ಭಯ ಬಿಸಿಲಿನದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಸೀಮೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಆ್ಯಪಲ್ ಕಂಪನಿ ತನ್ನ ಲ್ಯಾಪ್‌ಟಾಪುಗಳನ್ನು 10ರಿಂದ 35 ಡಿಗ್ರಿ ನಡುವಿನ ವಾತಾವರಣದಲ್ಲಿ ಬಳಸಿ ಎನ್ನುತ್ತದೆ. ಇಡುವುದಕ್ಕಾದರೆ 45ರವರೆಗೆ. ನಿಲ್ಲಿಸಿದ ಕಾರಿನೊಳಗೆ, ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯೊಳಗೆ ಆ ಮಿತಿ ಎಲ್ಲಿ ಉಳಿಯುತ್ತದೆ? ಲಿಥಿಯಂ ಬ್ಯಾಟರಿ ಬಿಸಿಯಲ್ಲಿ ಬೇಗ ಮುಪ್ಪಾಗುತ್ತದೆ. ದಪ್ಪ ಗವಸು ಹೊರಗಿನ ಬಿಸಿಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಹಾಗೆಯೇ ಒಳಗಿನ ಬಿಸಿಯನ್ನೂ ಹೊರಬಿಡುವುದಿಲ್ಲ. ಮುಚ್ಚಳ ಮುಚ್ಚಿ ನಿದ್ದೆಗೆ ಹಾಕಿದ ಲ್ಯಾಪ್‌ಟಾಪ್ ಚೀಲದೊಳಗೆ ತಾನಾಗಿ ಎಚ್ಚರಗೊಂಡು, ತೆಗೆದಾಗ ಇಸ್ತ್ರಿ ಪೆಟ್ಟಿಗೆಯಂತೆ ಸುಡುತ್ತಿದ್ದುದನ್ನು ಎರಡು ಸಲ ನೋಡಿದೆ. ಅಂದಿನಿಂದ ಪೂರ್ತಿ ಬಂದ್ ಮಾಡಿ, ಎರಡು ನಿಮಿಷ ಆರಲು ಬಿಟ್ಟು, ಆಮೇಲೆ ಗವಸಿಗೆ ಹಾಕುತ್ತೇನೆ. ಸಾಹುಕಾರರ ಕಚೇರಿಯಲ್ಲಿ ಆ ಎರಡು ನಿಮಿಷಕ್ಕೆ ಒಂದು ಚಹಾ ಬರುತ್ತದೆ.

ಗವಸು ಮೂರು ವರ್ಷ ದಾಟಿದೆ. ಕೆಳಗಿನ ಬಲಮೂಲೆಯಲ್ಲಿ ನೀಲಿ ಸವೆದು ಬಿಳಿಯಾಗಿದೆ, ನೂಲು ಇನ್ನೂ ಗಟ್ಟಿಯಿದೆ. ತಳದ ಫೋಮ್ ಚಪ್ಪಟೆಯಾಗಿತ್ತೆಂದು ಹೋದ ದಸರೆಗೆ ಮಾಸ್ತರರಿಂದ ಹೊಲಿಗೆ ಬಿಚ್ಚಿಸಿ ಅದೇ ಯೋಗದ ಚಾಪೆಯ ಉಳಿದ ತುಂಡನ್ನು ತುಂಬಿಸಿದೆ. ನನ್ನ ಕೈಕೆಳಗೆ ಲೆಕ್ಕ ಕಲಿಯುತ್ತಿರುವ ಸಿಂಧನೂರಿನ ಹುಡುಗಿ ಮೊನ್ನೆ ಹೊಸ 14 ಇಂಚಿನ ಲ್ಯಾಪ್‌ಟಾಪ್ ತಂದಳು. ಅವಳನ್ನು ಕೌಲ್ ಬಜಾರಿಗೆ ಕರೆದುಕೊಂಡು ಹೋದೆ. ಮಾಸ್ತರರು ಟೇಪು ಹಿಡಿದು ಮೊದಲು ದಪ್ಪವನ್ನೇ ಅಳೆದರು.